ಬೇನೆ ನಿಜವೋ ಸುಳ್ಳೋ: ದಿನ ತುಂಬಿದ ಬಸುರಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಮಸ್ಕಿ ಕಡೆಯ ಒಂದು ದೊಡ್ಡಿಯಿಂದ, ಅಂದರೆ ಸಣ್ಣ ಜನವಸತಿಯಿಂದ, ಚೊಚ್ಚಲ ಬಸುರಿಯೊಬ್ಬಳು ಒಂದೇ ವಾರದಲ್ಲಿ ಎರಡು ಸಲ ನಾವಿದ್ದ ಹೆರಿಗೆ ವಾರ್ಡಿಗೆ ಬಂದಿದ್ದಳು. ಎರಡು ಸಲವೂ ಪರೀಕ್ಷೆ ಮಾಡಿ, ಇನ್ನೂ ಸಮಯವಿದೆ ಎಂದು ಕಳುಹಿಸಿಕೊಟ್ಟೆವು. ಎರಡನೆಯ ಸಲ ನಮ್ಮವರಲ್ಲೇ ಒಬ್ಬರು, ‘ಹೊಟ್ಟೆ ಬಿಗಿದಾಗಲೆಲ್ಲ ಓಡಿ ಬರುತ್ತೀಯಲ್ಲ’ ಎಂದು ಗದರಿದರು. ಮೂರನೆಯ ಸಲ ಬೇನೆ ಬಂದಾಗ ಆ ಹುಡುಗಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆಳಗಿನ ಜಾವ ಅತ್ತೆ ಎದ್ದು ನೋಡಿದರೆ ಸೊಸೆ ಪಡಸಾಲೆಯ ಕಂಬ ಹಿಡಿದು ನಿಂತಿದ್ದಾಳೆ, ಸೀರೆ ಒದ್ದೆಯಾಗಿದೆ. ಆಸ್ಪತ್ರೆ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗಲೇ ಟಂಟಂ ಗಾಡಿಯಲ್ಲಿ ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಆ ಗದರಿಕೆ ನನ್ನ ಕಿವಿಯಲ್ಲಿ ಇಂದಿಗೂ ಇದೆ.

ರಾಯಚೂರು ಜಿಲ್ಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ಕೋಣೆಯಲ್ಲಿ ನರ್ಸ್ ಆಗಿ ದುಡಿದವಳು ನಾನು. ಬೇನೆ ನಿಜವೋ ಸುಳ್ಳೋ ಎಂದು ಮನೆಯಲ್ಲೇ ಮುಕ್ಕಾಲು ಪಾಲು ತಿಳಿಯಬಹುದು. ಉಳಿದ ಕಾಲು ಪಾಲು ಅನುಮಾನಕ್ಕೆ ಆಸ್ಪತ್ರೆ ಇದೆ. ಬಂದು ವಾಪಸು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಂಡು ಮುಂದೆ ಓದಿ.

ಸುಳ್ಳು ಬೇನೆ ಯಾಕೆ ಬರುತ್ತದೆ

ಗರ್ಭಕೋಶ ಎಂದರೆ ಒಂದು ದೊಡ್ಡ ಮಾಂಸಖಂಡದ ಚೀಲ. ಅದು ಬಸಿರಿನ ನಡುಗಾಲದಿಂದಲೇ ಆಗಾಗ ಬಿಗಿದು ಸಡಿಲವಾಗುತ್ತಿರುತ್ತದೆ. 1872ರಲ್ಲಿ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು ಇದನ್ನು ವಿವರಿಸಿ ಬರೆದರು. ವೈದ್ಯರ ಬಾಯಲ್ಲಿ ಅದಕ್ಕೆ ಇಂದಿಗೂ ಅವರದೇ ಹೆಸರು. ನಮ್ಮಲ್ಲಿ ಸುಳ್ಳು ಬೇನೆ ಎನ್ನುತ್ತೇವೆ. ಆ ಹೆಸರು ನನಗೆ ಅಷ್ಟು ಒಪ್ಪಿಗೆಯಿಲ್ಲ, ಯಾಕೆಂದರೆ ನೋವು ತಿನ್ನುತ್ತಿರುವವಳಿಗೆ ಅದು ಸುಳ್ಳಲ್ಲ. ಗರ್ಭಕೋಶ ಸಾಮು ಮಾಡುತ್ತಿದೆ ಎಂದುಕೊಳ್ಳಿ.

ನಿಜವಾದ ಬೇನೆಗೆ ಒಂದು ಕೆಲಸವಿದೆ. ಗರ್ಭಕೋಶದ ಬಾಯಿಯನ್ನು ತೆಳುವಾಗಿಸಿ 10 ಸೆಂಟಿಮೀಟರ್‌ವರೆಗೆ ತೆರೆಯುವುದು. ಸುಳ್ಳು ಬೇನೆ ಬಿಗಿಯುತ್ತದೆ, ಆದರೆ ಬಾಯಿಯನ್ನು ತೆರೆಯುವುದಿಲ್ಲ. ಬಾಯಿ ಎಷ್ಟು ತೆರೆದಿದೆ ಎಂದು ಕೈಗವಸು ಹಾಕಿದ ತಿಳಿದವರು ಮಾತ್ರ ನೋಡಬೇಕು. ಮನೆಯಲ್ಲಿ ಯಾರೂ ಒಳಗೆ ಬೆರಳು ಹಾಕಬಾರದು. ಹಾಗಾದರೆ ಮನೆಯಲ್ಲಿ ಉಳಿಯುವುದು ಏನು? ಕ್ಯಾಲೆಂಡರ್, ಅಂಗೈ, ಗಡಿಯಾರ ಮತ್ತು ಒಂದು ತಂಬಿಗೆ ನೀರು.

ಹೆಜ್ಜೆ 1: ಮೊದಲು ವಾರದ ಲೆಕ್ಕ

ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ಮೊದಲ ದಿನವನ್ನೂ ಹೆರಿಗೆಯ ಅಂದಾಜು ದಿನಾಂಕವನ್ನೂ ಬರೆದಿರುತ್ತಾರೆ. ಎರಡರ ನಡುವೆ 280 ದಿನ, ಅಂದರೆ 40 ವಾರ. ಹಿರಿಯರು ಹೇಳುವ ಒಂಬತ್ತು ತಿಂಗಳು ಒಂಬತ್ತು ದಿನ ಎಂಬ ಮಾತು ಇದಕ್ಕೆ ಬಹಳ ಹತ್ತಿರವೇ ಇದೆ. ಅಂದಾಜು ದಿನಾಂಕದಿಂದ 21 ದಿನ ಹಿಂದಕ್ಕೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕಿ. ಅದು 37 ವಾರ ತುಂಬುವ ದಿನ.

ಆ ಸುತ್ತು ಹಾಕಿದ ದಿನ ಬರುವ ಮೊದಲೇ ಹೊಟ್ಟೆ ಗಂಟೆಗೆ ನಾಲ್ಕೈದು ಸಲ ಬಿಗಿಯತೊಡಗಿದರೆ, ಸೊಂಟ ಬಿಡದೆ ನೋಯುತ್ತಿದ್ದರೆ, ಕೆಳಗೆ ಜಗ್ಗಿದಂತೆ ಆಗುತ್ತಿದ್ದರೆ ಈ ಬರಹದ ಉಳಿದ ಹೆಜ್ಜೆಗಳನ್ನು ಬಿಟ್ಟುಬಿಡಿ. ನಿಜವೋ ಸುಳ್ಳೋ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. 24ರಿಂದ 34 ವಾರದ ನಡುವೆ ದಿನಕ್ಕೆ ಮುಂಚೆ ಹೆರಿಗೆಯಾಗುವ ಸೂಚನೆ ಕಂಡರೆ, ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಚುಚ್ಚುಮದ್ದು ಕೊಡುತ್ತಾರೆ. ಅದು ಕೆಲಸ ಮಾಡಲು ಹೊತ್ತು ಬೇಕು. ನೀವು ಮನೆಯಲ್ಲಿ ಕಾದು ಕಳೆಯುವ ಒಂದೊಂದು ಗಂಟೆಯೂ ಆ ಮಗುವಿನ ಪಾಲಿನದು.

ಬೆಂಗಳೂರಿಗೆ ಗುಳೆ ಹೋಗಿ ಹೆರಿಗೆಗೆಂದು ಊರಿಗೆ ಬಂದವರಲ್ಲಿ ಕೆಲವರ ಬಳಿ ಕಾರ್ಡೇ ಇರುವುದಿಲ್ಲ. ‘ಯುಗಾದಿ ಅಮಾವಾಸ್ಯೆ ಆದ ಮೇಲೆ ಮುಟ್ಟು ನಿಂತಿತು’ ಎಂದು ಹೇಳುತ್ತಾರೆ. ಅದೂ ಲೆಕ್ಕವೇ. ಆಶಾ ಕಾರ್ಯಕರ್ತೆಗೆ ಹಾಗೆಯೇ ಹೇಳಿ, ಮೊದಲ ತಿಂಗಳುಗಳ ಸ್ಕ್ಯಾನ್ ವರದಿ ಇದ್ದರೆ ತೋರಿಸಿ, ಹೊಸ ಕಾರ್ಡ್ ಬರೆಸಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ.

ಹೆಜ್ಜೆ 2: ಹೊಟ್ಟೆಯ ಮೇಲೆ ಕೈ ಇಡಿ

ಹೊಟ್ಟೆನೋವೆಲ್ಲ ಬೇನೆಯಲ್ಲ. ಮಲಬದ್ಧತೆ, ವಾಯು, ಉರಿಮೂತ್ರ, ಏಳುವಾಗ ತೊಡೆಸಂದಿಯಲ್ಲಿ ಚುಳ್ಳೆನ್ನುವ ನೋವು ಇವೆಲ್ಲ ದಿನ ತುಂಬಿದಾಗ ಮಾಮೂಲು. ಆದ್ದರಿಂದ ಗರ್ಭಕೋಶ ಬಿಗಿಯುತ್ತಿದೆಯೇ ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು.

ಅಂಗೈಯನ್ನು ಹೊಕ್ಕುಳಿನ ಮೇಲ್ಭಾಗದಲ್ಲಿ ಹಗುರವಾಗಿ ಇಡಿ. ಒತ್ತಬೇಡಿ, ಉಜ್ಜಬೇಡಿ, ಸುಮ್ಮನೆ ಇಟ್ಟುಕೊಂಡಿರಿ. ಈಗ ಇನ್ನೊಂದು ಕೈಯ ಬೆರಳಿನಿಂದ ನಿಮ್ಮ ಮೂಗಿನ ತುದಿಯನ್ನು ಒತ್ತಿ ನೋಡಿ, ಆಮೇಲೆ ಗದ್ದದ ಮೂಳೆಯನ್ನು, ಆಮೇಲೆ ಹಣೆಯನ್ನು. ಬಿಗಿದ ಹೊಟ್ಟೆ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಬೇನೆ ಸಣ್ಣದು. ಗದ್ದದಷ್ಟು ಗಟ್ಟಿಯಾದರೆ ನಡುವಿನದು. ಬೆರಳಿಗೆ ತಗ್ಗದೆ ಹಣೆಯಂತೆ ನಿಂತರೆ ಜೋರಿನದು. ಹೊಸದಾಗಿ ಬರುವ ನರ್ಸ್‌ಗಳಿಗೆ ಕಲಿಸುವ ಪಾಠ ಇದು. ಮನೆಯಲ್ಲಿ ಅವ್ವನೋ ಅತ್ತೆಯೋ ಐದು ನಿಮಿಷದಲ್ಲಿ ಕಲಿಯಬಹುದು. ನನ್ನ ಅನುಭವದಲ್ಲಿ ಮೊಬೈಲ್ ಆ್ಯಪ್‌ಗಿಂತ ಅತ್ತೆಯ ಅಂಗೈ ಚುರುಕು.

ನೋವು ಇದೆ, ಆದರೆ ಹೊಟ್ಟೆ ಪೂರ್ತಿ ಮೆತ್ತಗೆ ಇದೆ ಎಂದರೆ ಅದು ಬೇರೆ ನೋವು. ಉರಿಮೂತ್ರವಿದ್ದರೆ ಅಂದೇ ತೋರಿಸಿ, ಯಾಕೆಂದರೆ ಮೂತ್ರದ ಸೋಂಕು ಬೇನೆಯನ್ನೂ ಎಬ್ಬಿಸುತ್ತದೆ. ಇನ್ನೊಂದು ಮಾತು: ಹೊಟ್ಟೆ ಬಿಗಿದದ್ದು ಸಡಿಲವಾಗಲೇಬೇಕು. ಸಡಿಲವಾಗದೆ ಹಲಗೆಯಂತೆ ಗಟ್ಟಿಯಾಗಿಯೇ ನಿಂತು, ನೋವು ಬಿಡುವಿಲ್ಲದೆ ಇದ್ದರೆ ರಕ್ತ ಹೊರಗೆ ಕಾಣದಿದ್ದರೂ ಅಪಾಯ. ಆ ಕ್ಷಣವೇ 108ಕ್ಕೆ ಕರೆ ಮಾಡಿ.

ಹೆಜ್ಜೆ 3: ಗಡಿಯಾರ ನೋಡಿ ಬರೆದಿಡಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೋವು ಎಷ್ಟು ಜೋರು ಎಂಬುದು ಮೋಸ ಮಾಡುತ್ತದೆ. ಕೆಲವರಿಗೆ ಸುಳ್ಳು ಬೇನೆಯೇ ಕಣ್ಣೀರು ತರಿಸುತ್ತದೆ, ಕೆಲವರು ನಿಜ ಬೇನೆಯಲ್ಲೂ ರೊಟ್ಟಿ ಬಡಿಯುತ್ತಿರುತ್ತಾರೆ. ಮೋಸ ಮಾಡದಿರುವುದು ಬೇನೆಯ ತಾಳ.

ಮಗನ ಶಾಲೆಯ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಎರಡು ಸಾಲು ಮಾಡಿ. ಒಂದರಲ್ಲಿ ಬೇನೆ ಶುರುವಾದ ಹೊತ್ತು, ಇನ್ನೊಂದರಲ್ಲಿ ಅದು ಎಷ್ಟು ಸೆಕೆಂಡು ಇತ್ತು. ಎರಡು ಬೇನೆಗಳ ಅಂತರವನ್ನು ಒಂದರ ಶುರುವಿನಿಂದ ಮುಂದಿನದರ ಶುರುವಿನವರೆಗೆ ಎಣಿಸಬೇಕು. ಬಹಳ ಮಂದಿ ಮೊದಲನೆಯದು ಮುಗಿದಲ್ಲಿಂದ ಎಣಿಸುತ್ತಾರೆ; ಆಗ ಲೆಕ್ಕ ತಪ್ಪುತ್ತದೆ. ಬೇನೆ ತಿನ್ನುವವಳೇ ಬರೆಯಬೇಕೆಂದಿಲ್ಲ. ಆಕೆ ‘ಬಂತು’ ಎನ್ನಲಿ, ‘ಹೋಯಿತು’ ಎನ್ನಲಿ, ಗಂಡ ಬರೆಯಲಿ. ಗಂಡಸರಿಗೆ ಆ ರಾತ್ರಿ ಏನು ಮಾಡಬೇಕೆಂದು ತೋಚದೆ ಅಂಗಳದಲ್ಲಿ ಅಡ್ಡಾಡುತ್ತಿರುತ್ತಾರೆ, ಪೆನ್ನು ಕೊಟ್ಟು ಕೂರಿಸಿ.

ಎರಡು ಹಾಳೆಗಳನ್ನು ಹೋಲಿಸಿ ನೋಡೋಣ. ಮೊದಲನೆಯದು ಸಂಜೆಯದು: 7.10, 7.22, 7.50, 8.05, 8.41. ಅಂತರ 12 ನಿಮಿಷ, 28, 15, 36. ಒಂದು 20 ಸೆಕೆಂಡು, ಒಂದು 45, ಮತ್ತೆ 30. ಇದಕ್ಕೆ ತಾಳವೇ ಇಲ್ಲ. ಇದು ಸುಳ್ಳು ಬೇನೆಯ ಹಾಳೆ.

ಎರಡನೆಯದು ನಡುರಾತ್ರಿಯ ಮೇಲಿನದು: 2.05, 2.14, 2.22, 2.30, 2.37, 2.43, 2.49. ಅಂತರ 9, 8, 8, 7, 6, 6. ಸೆಕೆಂಡುಗಳ ಸಾಲು 35ರಿಂದ ಶುರುವಾಗಿ 40, 45, 50 ಆಗುತ್ತ 60ಕ್ಕೆ ಬಂದಿದೆ. ಅಂತರ ಇಳಿಯುತ್ತಿದೆ, ಅವಧಿ ಏರುತ್ತಿದೆ. ಮೊದಲ ಬೇನೆಗಳಲ್ಲಿ ಮಾತಾಡುತ್ತಿದ್ದವಳು ಆರನೆಯದು ಬಂದಾಗ ನಡುವೆ ಮಾತು ನಿಲ್ಲಿಸಿ ಮಂಚದ ಅಂಚು ಹಿಡಿದಿದ್ದಾಳೆ. ಇದು ನಿಜ ಬೇನೆ. ಈ ಹಾಳೆಯನ್ನು ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟು ಆಸ್ಪತ್ರೆಗೆ ತನ್ನಿ. ನಾವು ಕೇಳುವ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ.

ಹೆಜ್ಜೆ 4: ನೀರು ಕುಡಿದು, ಮೂತ್ರ ಮಾಡಿ, ಮಗ್ಗುಲು ಬದಲಿಸಿ

ಸುಳ್ಳು ಬೇನೆ ಸಣ್ಣ ಬದಲಾವಣೆಗೂ ಮಣಿಯುತ್ತದೆ, ನಿಜ ಬೇನೆ ಮಣಿಯುವುದಿಲ್ಲ. ಮೊದಲು ಮೂತ್ರ ಮಾಡಿ ಬನ್ನಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಕೆಣಕುತ್ತದೆ. ಎರಡು ಲೋಟ ನೀರನ್ನೋ ಮಜ್ಜಿಗೆಯನ್ನೋ ನಿಧಾನವಾಗಿ ಕುಡಿಯಿರಿ. ಇಷ್ಟು ಹೊತ್ತು ದುಡಿಯುತ್ತಿದ್ದರೆ ಎಡಮಗ್ಗುಲಾಗಿ ಮಲಗಿ. ಮಲಗಿಯೇ ಇದ್ದರೆ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ನಡೆಯಿರಿ. ಬೆಚ್ಚಗಿನ ನೀರನ್ನು ಸೊಂಟದ ಮೇಲೆ ಸುರಿದುಕೊಂಡರೂ ಹಿತ, ಸುಡುನೀರು ಬೇಡ. ಒಂದು ಗಂಟೆ ಹೀಗೆ ನೋಡಿ. ಬೇನೆ ದೂರ ದೂರವಾಗಿ ಕರಗಿದರೆ ಸಾಮು ಮುಗಿಯಿತು ಎಂದು ನಿದ್ದೆ ಮಾಡಿ. ಮಲಗಿದರೂ ನಡೆದರೂ ಬಿಡದೆ ಬೆಳೆಯುತ್ತಿದ್ದರೆ ಅದು ನಿಜದ್ದು.

ನಮ್ಮ ಕಡೆ ಈ ನೀರಿನ ಮಾತಿಗೆ ತೂಕ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಬೇಸಗೆಯ ಮಧ್ಯಾಹ್ನ ಹೊಟ್ಟೆ ಬಿಗಿಯುತ್ತದೆ ಎಂದು ಬಂದವರ ತುಟಿ ನೋಡಿದರೆ ಒಡೆದಿರುತ್ತದೆ; ಬೆಳಗಿನಿಂದ ಮೂತ್ರ ಎಷ್ಟು ಸಲ ಆಯಿತು ಎಂದರೆ ಒಂದು ಸಲ, ಅದೂ ಹಳದಿ ಎನ್ನುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಗರ್ಭಕೋಶ ಮುನಿಯುತ್ತದೆ. ಸಿಂಧನೂರು, ಗಂಗಾವತಿ ಕಡೆ ನಾಟಿಗೆ, ಬೇರೆ ಕಡೆ ಹತ್ತಿ ಬಿಡಿಸಲು ಎಂಟನೆಯ ತಿಂಗಳಲ್ಲೂ ಹೋಗುವವರಿದ್ದಾರೆ. ಹೊಲದಲ್ಲಿ ಮೂತ್ರಕ್ಕೆ ಮರೆಯಿಲ್ಲವೆಂದು ನೀರನ್ನೇ ಕುಡಿಯುವುದಿಲ್ಲ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಮನೆಯವರೇ, ಕೊನೆಯ ಎರಡು ತಿಂಗಳಾದರೂ ಆಕೆಯ ಕೂಲಿಯ ಆಸೆ ಬಿಡಿ.

ಇನ್ನು ಜೀರಿಗೆ ಕಷಾಯ. ಕುಡಿಸಿದಾಗ ನೋವು ನಿಂತರೆ ಸುಳ್ಳು, ಹೆಚ್ಚಾದರೆ ನಿಜ ಎಂದು ಹಿರಿಯರು ಹೇಳುತ್ತಾರೆ. ಬಿಸಿಯಾಗಿ ಏನಾದರೂ ಕುಡಿದು ಅರ್ಧ ಗಂಟೆ ಕೂತರೆ ಸುಳ್ಳು ಬೇನೆ ಇಳಿಯುವುದು ಸಹಜವೇ, ಅಲ್ಲಿ ಕೆಲಸ ಮಾಡುವುದು ನೀರು ಮತ್ತು ವಿಶ್ರಾಂತಿ. ಒಂದು ಲೋಟ ಕುಡಿದರೆ ತೊಂದರೆಯಿಲ್ಲ. ಕಷಾಯದ ತೀರ್ಪಿಗೆ ಕಾದು ಕೂರಬೇಡಿ, ಅಷ್ಟೇ. ಹರಳೆಣ್ಣೆ ಬೇರೆ ಮಾತು. ಅದು ಹೊಟ್ಟೆ ಕೆಡಿಸಿ ಭೇದಿಯಾಗಿ ಇದ್ದ ನೀರನ್ನೂ ಕಳೆಯುತ್ತದೆ, ಕುಡಿಸಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ಊರಿನಲ್ಲಿ ಹಾಕಿಸುವ ‘ಬೇನೆ ಸೂಜಿ’. ಬೇನೆ ಬರುವ ಔಷಧವನ್ನು ಆಸ್ಪತ್ರೆಯಲ್ಲಿ ನಾವು ಹನಿ ಹನಿ ಎಣಿಸಿ, ಮಗುವಿನ ಎದೆಬಡಿತ ಕೇಳುತ್ತ ಕೊಡುತ್ತೇವೆ. ಅದನ್ನೇ ಮನೆಯಲ್ಲಿ ಒಂದೇ ಸಲಕ್ಕೆ ಚುಚ್ಚಿದರೆ ಗರ್ಭಕೋಶ ಬಿಡುವಿಲ್ಲದೆ ಬಿಗಿದು ಮಗುವಿಗೆ ಉಸಿರು ಸಿಗದಂತಾಗುತ್ತದೆ, ಗರ್ಭಕೋಶವೇ ಹರಿಯಬಹುದು. ಯಾರೇ ಆಗಲಿ, ಎಷ್ಟೇ ನಂಬಿಕೆಯವರಾಗಲಿ, ಮನೆಗೆ ಬಂದು ಬೇನೆಯ ಸೂಜಿ ಹಾಕುತ್ತೇನೆಂದರೆ ಬೇಡವೆಂದು ಹೇಳುವ ಹಕ್ಕು ಬಸುರಿಗಿದೆ.

ಹೆಜ್ಜೆ 5: ಜೊತೆಗೆ ಬರುವ ಗುರುತುಗಳು

ಸುಳ್ಳು ಬೇನೆ ಸಾಮಾನ್ಯವಾಗಿ ಹೊಟ್ಟೆಯ ಮುಂಭಾಗದಲ್ಲೇ ಉಳಿಯುತ್ತದೆ. ನಿಜ ಬೇನೆ ಬಹಳ ಮಂದಿಗೆ ಸೊಂಟದ ಹಿಂದಿನಿಂದ ಎದ್ದು ಎರಡೂ ಪಕ್ಕ ಬಳಸಿಕೊಂಡು ಕಿಬ್ಬೊಟ್ಟೆಗೆ ಬರುತ್ತದೆ. ಎಲ್ಲರಿಗೂ ಹಾಗೆಯೇ ಎಂದಿಲ್ಲ.

ರಕ್ತದ ಎಳೆ ಕಲೆತ ಅಂಟು ಲೋಳೆ ಹೋದರೆ ಗರ್ಭಕೋಶದ ಬಾಯಿ ಸಡಿಲವಾಗುತ್ತಿದೆ ಎಂದರ್ಥ. ಬೇನೆ ಅಂದೇ ಶುರುವಾಗಬಹುದು, ಕೆಲವು ದಿನ ತಡೆಯಲೂಬಹುದು. ‘ಹೊಟ್ಟೆ ಇಳಿದಿದೆ, ಇವತ್ತು ನಾಳೆ’ ಎಂದು ನೆರೆಮನೆಯವರು ಹೇಳಿದರೆ ಗಾಬರಿ ಬೇಡ. ಚೊಚ್ಚಲಲ್ಲಿ ಮಗು ಎರಡು ಮೂರು ವಾರ ಮುಂಚೆಯೇ ಕೆಳಗೆ ಇಳಿಯುತ್ತದೆ.

ನೀರು ಹೋದರೆ ಮಾತ್ರ ಬೇನೆಗೆ ಕಾಯಬೇಡಿ. ಹೋದ ಹೊತ್ತನ್ನು ಬರೆದುಕೊಳ್ಳಿ, ಒಗೆದ ಬಟ್ಟೆ ಇಟ್ಟುಕೊಂಡು ಬಣ್ಣ ನೋಡಿ, ಹೊರಡಿ. ನೀರೋ ಮೂತ್ರವೋ ಎಂಬ ಅನುಮಾನವಿದ್ದರೆ ಒಣಬಟ್ಟೆ ಇಟ್ಟುಕೊಂಡು ಸ್ವಲ್ಪ ಹೊತ್ತು ಮಲಗಿ ಏಳಿ. ಎದ್ದಾಗ ಮತ್ತೆ ಜಾರಿದರೆ ನೀರೇ ಇರಬೇಕು. ಹಸಿರು ಇಲ್ಲವೇ ಕಂದು ಬಣ್ಣವಿದ್ದರೆ ಮಗು ಒಳಗೇ ಮಲ ಮಾಡಿದೆ, ತಡ ಮಾಡುವಂತಿಲ್ಲ. ನೀರಿನೊಂದಿಗೆ ಹೊಕ್ಕುಳಬಳ್ಳಿ ಹೊರಗೆ ಕಂಡರೆ ಅದನ್ನು ಒಳಗೆ ತಳ್ಳಬೇಡಿ. ಬಸುರಿಯನ್ನು ಮೊಣಕಾಲೂರಿ, ಎದೆ ನೆಲಕ್ಕೆ ತಾಗುವಂತೆ, ಸೊಂಟ ಎತ್ತರಕ್ಕೆ ಇರುವಂತೆ ಬಗ್ಗಿಸಿ 108ಕ್ಕೆ ಕರೆ ಮಾಡಿ.

ಗಡಿಯಾರ ನೋಡುವಂತೆಯೇ ಇಲ್ಲದ ಸಂದರ್ಭಗಳು ಇನ್ನೂ ಇವೆ. ಮುಟ್ಟಿನಂತೆ ಹಸಿ ರಕ್ತ ಹರಿಯುವುದು, ಕಣ್ಣು ಮಂಜಾಗಿ ತಲೆ ಸಿಡಿಯುವುದು, ಮುಖ ಕೈ ಬಾತುಕೊಳ್ಳುವುದು, ಫಿಟ್ಸ್, ಜ್ವರ. ಮಗುವಿನ ಅಲುಗಾಟ ಕಡಿಮೆ ಎನಿಸಿದರೆ ಏನಾದರೂ ತಿಂದು ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ 10 ಸಲವೂ ಅಲುಗಾಡದಿದ್ದರೆ ಹೊರಡಿ. ಮಗು ಪೂರ್ತಿ ಸ್ತಬ್ಧವಾಗಿದ್ದರೆ ಎರಡು ಗಂಟೆಯೂ ಕಾಯಬೇಡಿ. ಸುಳ್ಳು ಬೇನೆಯಲ್ಲೂ ನಿಜ ಬೇನೆಯಲ್ಲೂ ಮಗು ಅಲುಗಾಡುತ್ತಲೇ ಇರಬೇಕು.

ಹೆಜ್ಜೆ 6: ಯಾವಾಗ ಹೊರಡಬೇಕು

ಚೊಚ್ಚಲಿಗೆ ಪುಸ್ತಕದ ಲೆಕ್ಕ ಹೀಗೆ: ಐದು ನಿಮಿಷಕ್ಕೊಂದು ಬೇನೆ, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ. ಇದು ಆಸ್ಪತ್ರೆ ಹತ್ತಿರವಿರುವವರ ಲೆಕ್ಕ. ದೇವದುರ್ಗದ ದೊಡ್ಡಿಗಳಿಂದ, ಲಿಂಗಸುಗೂರಿನ ತಾಂಡಾಗಳಿಂದ ಬರುವವರು ಅದನ್ನೇ ನೆಚ್ಚಿಕೊಂಡರೆ ದಾರಿಯಲ್ಲೇ ಹೆರಿಗೆಯಾದೀತು. ಗಾಡಿ ಸಿಗುವುದಕ್ಕೂ ದಾರಿಗೂ ಸೇರಿ ಒಂದು ಗಂಟೆ ಹಿಡಿಯುವಂತಿದ್ದರೆ ಎಂಟು ಹತ್ತು ನಿಮಿಷಕ್ಕೊಂದು ತಾಳ ಹಿಡಿದಾಗಲೇ ಎದ್ದುಬಿಡಿ. ಎರಡನೆಯ, ಮೂರನೆಯ ಹೆರಿಗೆ ಬೇಗ ಮುಗಿಯುತ್ತದೆ, ಅವರೂ ಹತ್ತು ನಿಮಿಷದ ತಾಳಕ್ಕೇ ಹೊರಡಲಿ. ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳಿರುವವರು, ಮಗು ಅಡ್ಡ ಇಲ್ಲವೇ ತಲೆಮೇಲಾಗಿ ಇದೆ ಎಂದು ಹೇಳಿಸಿಕೊಂಡವರು, ರಕ್ತದೊತ್ತಡ ಇಲ್ಲವೇ ರಕ್ತಹೀನತೆ ಇರುವವರು ಮೊದಲ ಕೆಲವು ಬೇನೆಗಳಿಗೇ ಹೊರಡಬೇಕು. ಅವರು ಹೆರಿಗೆಯಾಗಬೇಕಾದ್ದು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆ. ಆ ಆಸ್ಪತ್ರೆ ಯಾವುದು ಎಂದು ಒಂಬತ್ತನೆಯ ತಿಂಗಳಿಗೆ ಮೊದಲೇ ಕೇಳಿ ಕಾರ್ಡಿನ ಹಿಂದೆ ಬರೆದಿಡಿ.

ಮಳೆಗಾಲದಲ್ಲಿ ನದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಕೃಷ್ಣೆಯ ನಡುಗಡ್ಡೆಯ ಊರುಗಳು ಕಡಿದುಹೋಗುತ್ತವೆ. ಅಂಥ ಊರಿನ ಬಸುರಿ 37 ವಾರ ತುಂಬುವ ಹೊತ್ತಿಗೆ ಈಚೆ ದಡದ ಬೀಗರ ಮನೆಯಲ್ಲೋ ತವರಿನಲ್ಲೋ ಇರುವುದು ವಾಸಿ.

108ಕ್ಕೆ ಕರೆ ಮಾಡಿದಾಗ ಊರು, ತಾಲ್ಲೂಕು, ಎಷ್ಟನೆಯ ಹೆರಿಗೆ, ಎಷ್ಟು ವಾರ, ಎಷ್ಟು ನಿಮಿಷಕ್ಕೊಂದು ಬೇನೆ, ನೀರು ಅಥವಾ ರಕ್ತ ಹೋಗಿದೆಯೇ ಎಂದು ಹೇಳಿ. ರಾತ್ರಿಯಾದರೆ ಒಬ್ಬರು ಅಗಸಿಯ ಬಳಿ ಬ್ಯಾಟರಿ ಹಿಡಿದು ನಿಲ್ಲಲಿ, ಗಾಡಿ ಓಣಿ ಹುಡುಕುತ್ತ ಅಲೆಯುವುದು ತಪ್ಪುತ್ತದೆ. ತಾಯಿ ಕಾರ್ಡ್, ರಕ್ತದ ಗುಂಪಿನ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಗೆದು ಒಣಗಿಸಿದ ಹತ್ತಿ ಬಟ್ಟೆ ಒಂದೇ ಚೀಲದಲ್ಲಿರಲಿ. ಕುಬುಸದ ಕಾರ್ಯ ಮುಗಿದ ವಾರವೇ ಆ ಚೀಲ ಗೂಟಕ್ಕೆ ಬೀಳಬೇಕು.

ಹೊರಡುವ ಮುನ್ನ ಹಸಿವಿದ್ದರೆ ನುಚ್ಚು ಮಜ್ಜಿಗೆಯನ್ನೋ ಗಂಜಿಯನ್ನೋ ಸ್ವಲ್ಪ ಉಣ್ಣಲಿ. ಸಿಸೇರಿಯನ್ ಆಗಬಹುದು ಎಂದು ಮೊದಲೇ ಹೇಳಿದ್ದರೆ ಊಟದ ವಿಷಯವನ್ನು ಆಸ್ಪತ್ರೆಯವರಿಗೆ ಕೇಳಿಯೇ ಮಾಡಿ. ಬಲ ಹಾಕಿ ತಿಣುಕು ಎಂದು ಯಾರೂ ಹೇಳಬೇಡಿ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲು ತಿಣುಕಿದರೆ ಶಕ್ತಿ ಸೋರುತ್ತದೆ, ಬಾಯಿ ಬಾತುಕೊಳ್ಳುತ್ತದೆ.

ಹೆಜ್ಜೆ 7: ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಪರೀಕ್ಷೆಯಾದ ಮೇಲೆ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂದು ಕೇಳಿ. 5 ಸೆಂಟಿಮೀಟರ್ ದಾಟಿದರೆ ಹೆರಿಗೆ ಬಿರುಸು ಹಿಡಿದಿದೆ. ಅದಕ್ಕಿಂತ ಕಡಿಮೆ ಇದ್ದರೆ ಚೊಚ್ಚಲಿಗೆ ಇಡೀ ದಿನವೂ ಹಿಡಿಯಬಹುದು, ಆಗ ಮನೆಗೆ ಹೋಗಿ ಬನ್ನಿ ಎನ್ನಬಹುದು. ನಿಮ್ಮ ಊರು ದೂರ, ರಾತ್ರಿ ಗಾಡಿ ಸಿಗುವುದಿಲ್ಲ ಎಂದರೆ ಅದನ್ನು ಬಾಯಿಬಿಟ್ಟು ಹೇಳಿ, ‘ಸಿಸ್ಟರ್, ಇಲ್ಲೇ ಇರುತ್ತೇವೆ’ ಎಂದು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಸಿಸೇರಿಯನ್, ರಕ್ತ ಎಲ್ಲವೂ ಉಚಿತ. ಧೈರ್ಯ ಹೇಳಲು ಹೆಣ್ಣುಮಗಳೊಬ್ಬಳನ್ನು ಹೆರಿಗೆ ಕೋಣೆಗೆ ಬಿಡಿ ಎಂದೂ ಕೇಳಬಹುದು.

ವಾಪಸು ಕಳುಹಿಸಿದರೆ ಮೂರು ವಿಷಯ ತಿಳಿದುಕೊಂಡು ಹೊರಡಿ: ಬಾಯಿ ಎಷ್ಟು ತೆರೆದಿದೆ, ಮಗುವಿನ ಎದೆಬಡಿತ ಹೇಗಿದೆ, ಏನು ಕಂಡರೆ ಮತ್ತೆ ಬರಬೇಕು. ಒಳಗೆ ಪರೀಕ್ಷೆ ಮಾಡಿದ್ದರೆ ಅಂದು ಒಂದೆರಡು ಹನಿ ರಕ್ತ ಕಾಣಬಹುದು, ಹೆದರಬೇಡಿ. ಯಾರಾದರೂ ಗದರಿದರೆ ಆ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬನ್ನಿ, ಮನೆಗೆ ತರಬೇಡಿ. ಬೇನೆಯ ಹಾಳೆಯನ್ನು ಮಾತ್ರ ಹರಿಯದೆ ತನ್ನಿ. ಅದರ ಕೆಳಗೆ ಒಂದು ಗೆರೆ ಎಳೆದು, ಹೊಸ ತಾರೀಖು ಬರೆದು, ಪೆನ್ನಿನ ಜೊತೆಗೆ ಗಡಿಯಾರದ ಕೆಳಗಿನ ಮಾಡದಲ್ಲಿ ಇಡಿ.